ಕ್ಲಚ್ಚಕ್ಕ ಬರೀ ಹೊಗಳಿದ ವಾರ

ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಯಜಮಾನರ ಹೆಸರಿದೆ. ಆದರೆ ಕಾರು ಕಲಿಯಲು ಹೊರಟವರು ಯಾರೂ ಆ ಹೆಸರು ಎತ್ತುವುದಿಲ್ಲ. "ಕ್ಲಚ್ಚಕ್ಕನ ಹತ್ತಿರ ಹೋಗ್ತಾ ಇದೀನಿ" ಅನ್ನುತ್ತಾರೆ, ಹಲ್ಲು ಕೀಳಿಸಿಕೊಳ್ಳಲು ಹೊರಟವರ ದನಿಯಲ್ಲಿ. ಕೇಳಿದವರು "ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ.

ಕ್ಲಚ್ಚಕ್ಕ ಕುಳ್ಳಗೆ, ದುಂಡಗೆ ಇರುವ ಹೆಂಗಸು. ಕಲಿಯುವವರ ಪಕ್ಕದ ಸೀಟಿನಲ್ಲಿ ದಿಂಬಿನ ಮೇಲೆ ದಿಂಬು ಹಾಕಿಕೊಂಡು ಕೂರುತ್ತಾಳೆ. ಅವಳ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಕಲಿಯುವವರು ತಪ್ಪಿದಾಗಲೆಲ್ಲ ಅವಳ ಕಾಲು ಊರನ್ನು ಕಾಪಾಡುತ್ತದೆ. ಅವಳ ಬಾಯಿಂದ ಊರನ್ನು ಕಾಪಾಡುವವರು ಮಾತ್ರ ಯಾರೂ ಇರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಬಂದರಿನ ಊರಿನಲ್ಲಿ. ಅಲ್ಲಿ ಪ್ರೀತಿ ಇದ್ದರೆ ಬೈಯುತ್ತಾರೆ. ಅಪ್ಪ ಮಗಳನ್ನು ಬಾಗಿಲಲ್ಲಿ ಕಂಡರೆ "ಬಂದ್ಯಾ, ನಿನ್ನನ್ನ ಇನ್ನೂ ಯಾರೂ ಹಿಡ್ಕೊಂಡು ಹೋಗಿಲ್ವಾ" ಅನ್ನಬೇಕು. ಮಗಳು "ನಿಮ್ಮ ಮುಖ ನೋಡಿ ವಾಪಸ್ ಬಿಟ್ರು" ಅನ್ನಬೇಕು. ಆಮೇಲೆ ಇಬ್ಬರೂ ಬೀದಿಗೆ ಕೇಳುವಂತೆ ನಗಬೇಕು. ಅಲ್ಲಿ ಯಾರಾದರೂ ಮೆತ್ತಗೆ, ಮರ್ಯಾದೆಯಾಗಿ ಮಾತಾಡಿದರೆ ಎದುರಿನವರ ಎದೆ ಧಸಕ್ಕೆನ್ನುತ್ತದೆ, ಏನು ತಪ್ಪು ಮಾಡಿದೆನೋ ಎಂದು. ಕ್ಲಚ್ಚಕ್ಕನನ್ನು ನೋಡಲು ಗಂಡಿನವರು ಬಂದ ದಿನ ಅವಳ ಅತ್ತೆಯರು, ಚಿಕ್ಕಮ್ಮಂದಿರು ಸಾಲಾಗಿ ನಿಂತು ಹುಡುಗನನ್ನು ವಾಚಾಮಗೋಚರ ಬೈದರು. ಅವನ ಕಿವಿ, ಅವನ ಪ್ಯಾಂಟು, ಅವನು ಕೂತ ರೀತಿ, ಒಂದನ್ನೂ ಬಿಡಲಿಲ್ಲ. ಎಲ್ಲರಿಗೂ ಅವನು ಅಷ್ಟು ಹಿಡಿಸಿಬಿಟ್ಟಿದ್ದ. ಹುಡುಗ ಪಾಪ, ಸಂಬಂಧ ಮುರಿದುಬಿತ್ತೆಂದು ತಿಳಿದು ಮೆಲ್ಲಗೆ ಹಿಂಬಾಗಿಲಿನಿಂದ ಹೊರಟು, ಹುಡುಕಿಕೊಂಡು ಹೋದವರಿಗೆ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಿದ.

ಆ ಹುಡುಗನೇ ಕ್ಲಚ್ಚಕ್ಕನ ಗಂಡ. ಅವನ ಊರೇ ಈ ಊರು. ಇಲ್ಲಿಗೆ ಬಂದ ಮೇಲೆ ಅವಳು ಕಂಡುಕೊಂಡದ್ದು ಒಂದೇ: ಇಲ್ಲಿನವರು ಒಳ್ಳೆಯವರು, ಆದರೆ ತಮಾಷೆಯ ಗಂಧಗಾಳಿ ಇಲ್ಲದವರು. ಯಾರೂ ಜೋರಾಗಿ ನಗುವುದಿಲ್ಲ. ಯಾರೂ ಯಾರನ್ನೂ ಕೆಣಕುವುದಿಲ್ಲ. ಬಾಯಿ ತೆರೆದರೆ ಹೊಗಳಿಕೆ. ಡ್ರೈವಿಂಗ್ ಸ್ಕೂಲಿನ ಯಜಮಾನರು ಅವಳಿಗೆ, "ನಿಮ್ಮಷ್ಟು ಮೃದುವಾಗಿ ಮಾತಾಡೋರನ್ನ ನಾನು ನೋಡೇ ಇಲ್ಲ" ಎಂದಿದ್ದರು. ಪಕ್ಕದ ಮನೆಯ ಟೀಚರು, "ನಿಮ್ಮ ದನಿ ಗೋಡೆ ದಾಟಿ ಬಂದ್ರೆ ನಮಗೆ ಎಷ್ಟು ನೆಮ್ಮದಿ" ಎಂದಿದ್ದರು. ಇಂಥ ಮಾತುಗಳನ್ನು ಕ್ಲಚ್ಚಕ್ಕ ತವರಿಗೆ ಫೋನು ಮಾಡಿದಾಗಲೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು. ತವರಿನವರು, ಪಾಪ ಎಂಥವರ ನಡುವೆ ಸಿಕ್ಕಿಕೊಂಡಿದ್ದಾಳೆ ಎಂದು ಮರುಗುತ್ತಿದ್ದರು.

ಹೊಗಳುವುದು ಅವಳ ನಾಲಿಗೆಗೆ ಬರುತ್ತಿರಲಿಲ್ಲ. "ಸ್ಟೀರಿಂಗ್ ಹಿಡ್ಕೊಳ್ಳಿ ಅಂದೆ, ಅದರ ಕತ್ತು ಹಿಸುಕಿ ಅನ್ನಲಿಲ್ಲ." "ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ, ನಿಮ್ಮ ಮೀಸೆ ನೋಡೋಕಲ್ಲ." "ಆ ಕಂಬ ನಿಮಗೆ ದಾರಿ ಬಿಡಲ್ಲ, ಅದು ನಿಮಗಿಂತ ಮೊದಲು ಬಂದಿದ್ದು." ಹೀಗೆ ಬೈದು ತಾನೇ ಕಿಲಕಿಲ ನಗುವಳು. ಪಕ್ಕದಲ್ಲಿ ಕೂತವರ ಕಣ್ಣಲ್ಲಿ ನೀರು ತುಂಬಿದ್ದು ಅವಳಿಗೆ ಕಾಣಿಸುತ್ತಿರಲಿಲ್ಲ. ಬ್ಯಾಂಕಿನ ಗುಮಾಸ್ತನೊಬ್ಬ ಸಿಗ್ನಲ್ಲಿನಲ್ಲೇ ಕಾರಿನಿಂದಿಳಿದು ಮನೆಗೆ ನಡೆದುಬಿಟ್ಟಿದ್ದ. ಆದರೂ ಅವಳ ಕೈಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಫೇಲಾಗುತ್ತಿರಲಿಲ್ಲವಾದ್ದರಿಂದ ಜನ ಹಲ್ಲು ಕಚ್ಚಿಕೊಂಡು ಬರುತ್ತಿದ್ದರು.

ಇಷ್ಟು ವರ್ಷ ಹೀಗೇ ನಡೆಯಿತು. ಪೀಕಲಾಟ ಬಂದದ್ದು ಮಗಳ ಮದುವೆಯ ಮಾತು ಎದ್ದಾಗ.

ಮಗಳು ಇದೇ ಊರಿನಲ್ಲಿ ಬೆಳೆದವಳು, ಅಪ್ಪನ ಹಾಗೆ ಮೆಲ್ಲಗೆ ಮಾತಾಡುವವಳು. ನಗು ಬಂದರೆ ತುಟಿ ಒಂದಿಷ್ಟು ಓರೆಯಾಗುತ್ತಿತ್ತು, ಅಷ್ಟೇ. ತನ್ನ ಆಫೀಸಿನಲ್ಲೇ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಅಪ್ಪ ಅಮ್ಮನದು ಪೇಟೆ ಬೀದಿಯಲ್ಲಿ ಔಷಧಿ ಅಂಗಡಿ. ಆ ಅಮ್ಮನನ್ನು ಊರೆಲ್ಲ 'ಮೆಡಿಕಲ್ ಮೇಡಂ' ಎಂದೇ ಕರೆಯುತ್ತಿತ್ತು. ಮಾತ್ರೆಯನ್ನೂ ಮಾತನ್ನೂ ಎಣಿಸಿ ಕೊಡುವ ಹೆಂಗಸು. ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅವರ ಗಂಡನಿಗೆ ಈಚೆಗೆ ಕಣ್ಣು ಮಂಜಾಗಿತ್ತು. ಅಂಗಡಿಯ ಮಾಲು ತರಲು ಇನ್ನು ಮೇಡಂ ಅವರೇ ಕಾರು ಓಡಿಸಬೇಕಿತ್ತು. ಹುಡುಗಿಯ ತಾಯಿಯೇ ಕಾರು ಕಲಿಸುತ್ತಾರಂತೆ, ಅಲ್ಲೇ ಕಲಿಯುತ್ತೇನೆ, ಮನುಷ್ಯರ ಪರಿಚಯವೂ ಆದ ಹಾಗಾಯಿತು ಎಂದು ಹೇಳಿ ಕಳಿಸಿದರು.

ಸುದ್ದಿ ಕೇಳಿ ಮಗಳು ತಲೆಯ ಮೇಲೆ ಕೈಹೊತ್ತು ಕೂತಳು.

"ಅಮ್ಮ, ಅವರು ಕಲಿಯೋ ತನಕ ನೀನು ತಮಾಷೆ ಮಾಡಬಾರದು."

"ನಾನೇನೇ ತಮಾಷೆ ಮಾಡ್ತೀನಿ?"

"ಅದೇ ನನ್ನ ಭಯ. ನಿನಗೆ ಗೊತ್ತೇ ಆಗಲ್ಲ. ಬೈಬೇಡ, ಕೆಣಕಬೇಡ, ನಗಬೇಡ. ಮರ್ಯಾದೆಯಾಗಿ ಎರಡು ಒಳ್ಳೇ ಮಾತಾಡು ಸಾಕು. ನನಗೋಸ್ಕರ."

ಕ್ಲಚ್ಚಕ್ಕನಿಗೆ ಕರುಳು ಚುರ್ರೆಂದಿತು. ತನ್ನ ಬಾಯಿಯ ಬಗ್ಗೆ ಮಗಳಿಗೆ ನಾಚಿಕೆ ಇದೆ ಎಂಬುದು ಅವಳಿಗೆ ಅದುವರೆಗೆ ಹೊಳೆದಿರಲಿಲ್ಲ. ಆಯಿತು, ಬಾಯಿಗೆ ಬೀಗ ಹಾಕ್ತೀನಿ ಎಂದು ಮಾತು ಕೊಟ್ಟಳು.

ಮೊದಲ ದಿನ ಮೆಡಿಕಲ್ ಮೇಡಂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕನ್ನಡಕ ಒರೆಸಿಕೊಂಡು ಬಂದು ಸ್ಟೀರಿಂಗ್ ಮುಂದೆ ಕೂತರು. ಗೋದಾಮಿನ ಹಿಂದಿನ ಖಾಲಿ ಮೈದಾನದಲ್ಲಿ ಕಾರು ಮೂರು ಸಲ ಕೆಮ್ಮಿ, ಒಂದು ಸಲ ಕುಪ್ಪಳಿಸಿ, ಮೈದಾನದಲ್ಲಿದ್ದ ಒಂದೇ ಒಂದು ಕಸದ ಡಬ್ಬಿಯನ್ನು ಹುಡುಕಿಕೊಂಡು ಹೋಗಿ ಗುದ್ದಿತು. ಇಷ್ಟು ದೊಡ್ಡ ಬಯಲಿನಲ್ಲಿ ಅದೊಂದನ್ನು ಗುರಿಯಿಟ್ಟು ಹೊಡೆಯುವುದೆಂದರೆ ಸಾಮಾನ್ಯವೇ? ಕ್ಲಚ್ಚಕ್ಕನ ನಾಲಿಗೆಯ ತುದಿಗೆ ಒಳ್ಳೊಳ್ಳೆಯ ಮಾತುಗಳು ಸಾಲುಗಟ್ಟಿ ಬಂದವು. ಎಲ್ಲವನ್ನೂ ನುಂಗಿ, ಮುಖವನ್ನು ನೆಟ್ಟಗೆ ಮಾಡಿಕೊಂಡು, "ತುಂಬಾ ಚೆನ್ನಾಗಿ ಓಡಿಸಿದ್ರಿ ಮೇಡಂ" ಅಂದಳು.

ಮೆಡಿಕಲ್ ಮೇಡಂ ಒಂದು ಗಳಿಗೆ ಅವಳನ್ನೇ ನೋಡಿದರು.

ಎರಡನೆಯ ದಿನ ಕಾರು ಚೌಕದ ನಟ್ಟನಡುವೆ ನಿಂತುಹೋಯಿತು. ನಾಲ್ಕೂ ದಿಕ್ಕಿನಿಂದ ಹಾರನ್ನು. "ಎಷ್ಟು ನಾಜೂಕಾಗಿ ನಿಲ್ಸಿದ್ರಿ" ಅಂದಳು ಕ್ಲಚ್ಚಕ್ಕ. ಮೂರನೆಯ ದಿನ ಮುಂದಿನ ಚಕ್ರ ರಸ್ತೆ ಬಿಟ್ಟು ಹೂಗಿಡದ ಪಾತಿ ಹತ್ತಿತು. "ನಿಮ್ಮ ಹಾಗೆ ತಿರುಗಿಸೋರು ಅಪರೂಪ ಮೇಡಂ, ಹುಟ್ಟಿನಿಂದಲೇ ಬರಬೇಕು" ಅಂದಳು. ದಿನದಿಂದ ದಿನಕ್ಕೆ ಮೆಡಿಕಲ್ ಮೇಡಮ್ಮಿನ ತುಟಿ ಬಿಗಿಯುತ್ತಿತ್ತು. ಇಲ್ಲಿನವರು ಸಂತೋಷವಾದರೂ ತೋರಿಸಿಕೊಳ್ಳುವುದಿಲ್ಲವಲ್ಲ, ಬಹಳ ಸಂತೋಷವಾಗಿರಬೇಕು ಎಂದು ಕ್ಲಚ್ಚಕ್ಕ ತಿಳಿದಳು. ಮನೆಗೆ ಬಂದರೆ ಹೊಟ್ಟೆಯುಬ್ಬರ. ನುಂಗಿದ ಮಾತುಗಳೆಲ್ಲ ಒಳಗೆ ಕೂತು ಗುಡುಗುಡು ಅನ್ನುತ್ತಿದ್ದವು. ಮಗಳ ಸುಖಕ್ಕಾಗಿ ತಾಯಂದಿರು ಏನೇನೋ ಸಹಿಸುತ್ತಾರೆ, ತಾನು ಅಜೀರ್ಣ ಸಹಿಸುತ್ತಿದ್ದೇನೆ ಅಂದುಕೊಂಡಳು.

ಆ ಮೂರನೆಯ ದಿನವೇ ಸಂಜೆ ಮಗಳು ಮುಖ ಬಾಡಿಸಿಕೊಂಡು ಆಫೀಸಿನಿಂದ ಬಂದಳು.

"ಅವರಮ್ಮ ಈ ಮದುವೆ ಸ್ವಲ್ಪ ಯೋಚನೆ ಮಾಡೋಣ ಅಂದ್ರಂತೆ. ಅಮ್ಮ, ಅವರಿಗೆ ಏನಂದೆ ನೀನು?"

"ದೇವರಾಣೆ ಏನೂ ಅಂದಿಲ್ಲ ಕಣೇ. ಬರೀ ಹೊಗಳಿದೆ."

"ಬರೀ ಹೊಗಳಿದ್ಯಾ?"

"ಹೂಂ. ಕಸದ ಡಬ್ಬಿ ಗುದ್ದಿದಾಗಲೂ ಹೊಗಳಿದೆ. ಪಾತಿ ಹತ್ತಿಸಿದಾಗಲೂ ಹೊಗಳಿದೆ. ಒಂದು ತಪ್ಪು ಎತ್ತಿ ಆಡಲಿಲ್ಲ."

ಮಗಳು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡ ಕಣ್ಣು ಮುಚ್ಚಿಕೊಂಡ.

"ಏನಾಯ್ತು ನಿಮಗೆಲ್ಲ? ಹೊಗಳಿದ್ದೂ ತಪ್ಪಾ?"

ಗಂಡ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನೋಡು, ನಮ್ಮೂರಲ್ಲಿ ಯಾರನ್ನಾದ್ರೂ ನಿಜವಾಗಿ ಮೆಚ್ಚಿದ್ರೆ, ಜೊತೆಗೆ ಒಂದು ಕೊರತೆ ಹೇಳ್ತಾರೆ. ಮನೆ ಚೆನ್ನಾಗಿದೆ, ಕಿಟಕಿ ಮಾತ್ರ ಚಿಕ್ಕದು, ಹೀಗೆ. ಕೊರತೆ ಹೇಳಿದ್ರೆ, ಇವರು ಸರಿಯಾಗಿ ನೋಡಿದಾರೆ, ಮಾತು ನಿಜ ಅಂತ ಅರ್ಥ. ಬರೀ ಹೊಗಳಿದ್ರೆ..."

"ಹೊಗಳಿದ್ರೆ?"

"ಗೇಲಿ ಮಾಡ್ತಾ ಇದಾರೆ ಅಂತ."

ಕ್ಲಚ್ಚಕ್ಕ ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು.

"ಹಾಗಾದ್ರೆ ಯಜಮಾನರು, ನನ್ನಷ್ಟು ಮೃದುವಾಗಿ ಮಾತಾಡೋರನ್ನ ನೋಡೇ ಇಲ್ಲ ಅಂದಿದ್ದು?"

ಗಂಡ ಗೋಡೆಯ ಕ್ಯಾಲೆಂಡರ್ ನೋಡಿದ.

"ಪಕ್ಕದ ಮನೆ ಟೀಚರು? ನನ್ನ ದನಿ ಗೋಡೆ ದಾಟಿದ್ರೆ ನೆಮ್ಮದಿ ಅಂದಿದ್ದು?"

"ಅವರು ಆಮೇಲೆ ಕಿಟಕಿಗೆ ಡಬಲ್ ಗಾಜು ಹಾಕಿಸಿದ್ರಲ್ಲ" ಅಂದಳು ಮಗಳು, ಮೆಲ್ಲಗೆ.

ಒಂದೊಂದಾಗಿ ಎಲ್ಲ ನೆನಪಾಯಿತು. ಅವಳ ಹಸಿರು ಸೀರೆಯನ್ನು ಹೊಗಳಿದವರು. ಅವಳು ಹಾಡಿದಾಗ ಇನ್ನೊಂದು ಹಾಡಿ ಅಂದವರು, ಅವಳು ನಿಜಕ್ಕೂ ಇನ್ನೊಂದು ಹಾಡಿದ್ದು, ಮತ್ತೊಂದನ್ನೂ ಹಾಡಿದ್ದು. ತಮಾಷೆ ಗೊತ್ತಿಲ್ಲದವರೆಂದು ಅವಳು ಮರುಗಿದ ಊರು ಅಷ್ಟು ವರ್ಷವೂ ಅವಳನ್ನು ಕೂರಿಸಿಕೊಂಡು ತಮಾಷೆ ಮಾಡಿತ್ತು. ಅವಳು ಪ್ರತಿ ಸಲವೂ ಥ್ಯಾಂಕ್ಸ್ ಹೇಳಿ ಬಂದಿದ್ದಳು. ನಗು ಬರಬೇಕಿತ್ತು, ಅಳು ಬಂತು. ಕೊನೆಗೆ ಅವಳ ಕಣ್ಣು ಗಂಡನ ಮೇಲೆ ನಿಂತಿತು.

"ಮದುವೆ ದಿನ ನೀವು ನನಗೊಂದು ಮಾತು ಹೇಳಿದ್ರಿ."

"ಹೇಳಿದ್ದೆ."

"ಲಕ್ಷಣವಾಗಿದೀಯ ಅಂದ್ರಿ."

"ಪೂರ್ತಿ ನೆನಪು ಮಾಡ್ಕೋ. ಲಕ್ಷಣವಾಗಿದೀಯ, ಮಾತು ಮಾತ್ರ ಸ್ವಲ್ಪ ಜಾಸ್ತಿ ಅಂದಿದ್ದೆ. ಅದಕ್ಕೆ ನೀನು ಆವತ್ತಿಡೀ ನನ್ನ ಹತ್ತಿರ ಮಾತು ಬಿಟ್ಟೆ."

ಕ್ಲಚ್ಚಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟು ವರ್ಷ ಮನಸ್ಸಿನಲ್ಲಿ ಚುಚ್ಚುತ್ತಿದ್ದ ಮಾತೊಂದು ಹೀಗೆ ಮಗ್ಗುಲು ಬದಲಿಸಿ ಮಲಗಿದ್ದು ಅವಳಿಗೆ ಸಮಾಧಾನವೇ ಆಯಿತು. ಆದರೆ ಅದನ್ನು ಅನುಭವಿಸುತ್ತ ಕೂರುವ ಹೊತ್ತು ಅದಲ್ಲ. ಮಗಳ ಕಣ್ಣು ಕೆಂಪಾಗಿತ್ತು. ಬೆಳಿಗ್ಗೆ ಮೆಡಿಕಲ್ ಮೇಡಂ ಬಂದರೆ ಬಂದರು. ಬರದಿದ್ದರೆ ಮದುವೆಯ ಮಾತು ಅಲ್ಲಿಗೆ ಮುಗಿಯಿತು.

ಮೇಡಂ ಬಂದರು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ. ನಮಸ್ಕಾರವನ್ನೂ ಅಳೆದು ಹಾಕಿ ಸ್ಟೀರಿಂಗ್ ಮುಂದೆ ಕೂತರು. ಹೊಗಳಿಕೆಯ ಜೊತೆ ಒಂದೇ ಒಂದು ಕೊರತೆ ಸೇರಿಸು ಎಂದು ಮಗಳು ಬೆಳಿಗ್ಗೆಯೆಲ್ಲ ಹೇಳಿಕೊಟ್ಟು ಕಳಿಸಿದ್ದಳು. "ಗೇರು ಚೆನ್ನಾಗಿ ಹಾಕಿದ್ರಿ ಮೇಡಂ, ಆದರೆ..." ಎಂದು ಕ್ಲಚ್ಚಕ್ಕ ಶುರುಮಾಡಿದಳು. ಒಂದೇ ಒಂದು ಕೊರತೆ ಆರಿಸುವುದು ಹೇಗೆ? ಎಲ್ಲ ಕೊರತೆಗಳೂ ನಾ ಮುಂದೆ ತಾ ಮುಂದೆ ಎಂದು ನೂಕಾಡಿದವು. ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ಮೆಡಿಕಲ್ ಮೇಡಂ "ಆದರೆ?" ಅಂದರು. "ಆದರೆ ಏನಿಲ್ಲ" ಅಂದಳು. ಅವರ ತುಟಿ ಇನ್ನಷ್ಟು ಬಿಗಿಯಿತು.

ರೈಲು ಹಳಿಯ ಮೇಲಿನ ಸೇತುವೆಯ ಏರಿನಲ್ಲಿ ಮುಂದಿನ ಗಾಡಿಗಳು ನಿಂತವು. ಇವರ ಕಾರೂ ನಿಂತಿತು. ಹಿಂದೆ, ಅಂಟಿಕೊಂಡ ಹಾಗೆ, ಕಿಟಕಿ ಗಾಜುಗಳನ್ನು ಸಾಲಾಗಿ ಹೇರಿಕೊಂಡ ಒಂದು ಟೆಂಪೋ. ಮುಂದಿನವರು ಹೊರಟರು. ಮೆಡಿಕಲ್ ಮೇಡಂ ಕ್ಲಚ್ಚನ್ನು ತಟ್ಟನೆ ಬಿಟ್ಟರು. ಎಂಜಿನ್ ಆರಿತು, ಕಾರು ಹಿಂದಕ್ಕೆ ಜಾರಿತು, ಕನ್ನಡಿಯ ತುಂಬ ಗಾಜೇ ಗಾಜು. ಕ್ಲಚ್ಚಕ್ಕನ ಬಲಗಾಲು ಬ್ರೇಕಿನ ಮೇಲೆ ಬಿತ್ತು. ಟೆಂಪೋಗೆ ಇನ್ನೊಂದು ಗೇಣು ಇರುವಾಗ ಕಾರು ನಿಂತಿತು. ಕಾಲು ತನ್ನ ಕೆಲಸ ಮುಗಿಸಿತ್ತು. ಬಾಯಿಯ ಬೀಗ ಕಳಚಿಬಿತ್ತು.

"ಏನ್ ಮೇಡಂ, ಮಗನಿಗೆ ಮದುವೆ ಮಾಡೋಕೆ ಹೊರಟಿದೀರಾ, ಇಲ್ಲ ನಮ್ಮಿಬ್ಬರನ್ನೂ ಫೋಟೋ ಮಾಡಿ ಗೋಡೆಗೆ ಹಾಕಿಸೋಕಾ? ಕ್ಲಚ್ಚನ್ನ ಹಾಗೆ ಬಿಡ್ತಾರಾ, ಬಿಸಿ ಪಾತ್ರೆ ಕೈಬಿಟ್ಟ ಹಾಗೆ? ಅಂಗಡೀಲಿ ಹನಿ ಲೆಕ್ಕ ಹಾಕಿ ಔಷಧಿ ಕೊಡ್ತೀರಂತೆ, ಆ ಲೆಕ್ಕ ಕೈಗೆ ಮಾತ್ರ ಗೊತ್ತಾ, ಕಾಲಿಗೆ ಯಾರೂ ಹೇಳಿಲ್ವಾ? ಆಚೆಮೊನ್ನೆ ಡಬ್ಬಿ, ನಿನ್ನೆ ಹೂಗಿಡ, ಇವತ್ತು ಗಾಜು. ನಿಮಗೆ ರಸ್ತೆ ಒಂದು ಬಿಟ್ಟು ಬೇರೆ ಎಲ್ಲ ಕಾಣುತ್ತಲ್ಲ ಮೇಡಂ."

ಹೇಳಿ ಮುಗಿಸಿದ ಮೇಲೆ ತಾನು ಏನು ಮಾಡಿದೆನೆಂದು ಗೊತ್ತಾಯಿತು. ಮಗಳ ಮುಖ ಕಣ್ಣ ಮುಂದೆ ಬಂತು. ಹಿಂದಿನಿಂದ ಟೆಂಪೋದವನು ಹಾರನ್ ಒತ್ತಿ ಹಿಡಿದಿದ್ದ.

ಮೆಡಿಕಲ್ ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಇಷ್ಟು ದಿನವೂ ನಾನು ಇಷ್ಟೇ ಕೆಟ್ಟದಾಗಿ ಓಡಿಸಿದೆನಾ?"

"ಇದಕ್ಕಿಂತ ಕೆಟ್ಟದಾಗಿ. ಇವತ್ತು ಸ್ವಲ್ಪ ವಾಸಿ."

ಮೇಡಂ ಉಸಿರು ಬಿಟ್ಟರು. ಎಷ್ಟೋ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರು ಅದು. "ಹಾಗಾದ್ರೆ ನಮ್ಮ ಸಂಬಂಧ ನಿಮಗೆ ಬೇಡ ಅಂತಲ್ಲ."

"ಬೇಡ ಅಂತ ಯಾರು ಹೇಳಿದ್ದು?"

"ನೀವೇ. ದಿನಾ ಹೊಗಳಿದ್ರಲ್ಲ. ಇಷ್ಟು ಹೊಗಳ್ತಾರೆ ಅಂದ್ರೆ ಮಗಳನ್ನ ಕೊಡೋಕೆ ಮನಸ್ಸಿಲ್ಲ, ನಾನೇ ತಿಳ್ಕೊಂಡು ದೂರ ಹೋಗಲಿ ಅಂತ ಮಾಡ್ತಿದಾರೆ ಅಂದ್ಕೊಂಡೆ. ನಿನ್ನೆ ಊಟಾನೇ ಸೇರಲಿಲ್ಲ."

"ಅಯ್ಯೋ ಮೇಡಂ, ನಮ್ಮೂರಲ್ಲಿ ಬೇಡದೋರನ್ನ ಬೈಯೋದೇ ಇಲ್ಲ."

"ಬೇಕಾದೋರನ್ನ?"

"ಈಗ ಕೇಳಿದ್ರಲ್ಲ."

ಮೆಡಿಕಲ್ ಮೇಡಮ್ಮಿನ ತುಟಿ ಒಂದಿಷ್ಟು ಓರೆಯಾಯಿತು. ಈ ಊರಿನ ಲೆಕ್ಕದಲ್ಲಿ ಅದು ಬಿದ್ದು ಬಿದ್ದು ನಕ್ಕ ಹಾಗೆ. ಅಷ್ಟರಲ್ಲಿ ಟೆಂಪೋದವನು ಇಳಿದು ಬಂದು ಕಿಟಕಿ ತಟ್ಟಿ, "ನಿಮ್ಮ ಮಾತುಕತೆ ಬಹಳ ಚೆನ್ನಾಗಿದೆ ಅಮ್ಮ" ಅಂದ. ಅದರ ಅರ್ಥ ಈಗ ಕ್ಲಚ್ಚಕ್ಕನಿಗೂ ಆಯಿತು.

ಭಾನುವಾರ ಮೆಡಿಕಲ್ ಮೇಡಂ ಗಂಡ, ಮಗನ ಸಮೇತ ಹುಡುಗಿಯ ಮನೆಗೆ ಬರುವುದೆಂದು ಆಯಿತು. ಬರುತ್ತೇವೆ ಅಂದರೇ ಹೊರತು ಹೂಂ ಅಂದಿರಲಿಲ್ಲ. ಮನೆಯನ್ನು ಉಜ್ಜಿ ಉಜ್ಜಿ ಕ್ಲಚ್ಚಕ್ಕನ ಕೈ ಸಿಪ್ಪೆಯೆದ್ದಿತು. ಪರದೆ ಒಗೆದಳು, ಫ್ಯಾನಿನ ರೆಕ್ಕೆ ಒರೆಸಿದಳು, ಕುರ್ಚಿಯ ಕಾಲಿನ ಅಡಿಯನ್ನೂ ಬಿಡಲಿಲ್ಲ. ಮಗಳು ತಾನೇ ಕಾಫಿ ಮಾಡಿ, ತಾನೇ ರುಚಿ ನೋಡಿ, ಚೆಲ್ಲಿ, ಮತ್ತೆ ಮಾಡಿದಳು.

ಮೆಡಿಕಲ್ ಮೇಡಂ ಹೊಸ್ತಿಲು ದಾಟಿ ಒಳಗೆ ಬಂದರು. ನಿಂತು, ಸುತ್ತ ನೋಡಿ, ಎಲ್ಲರಿಗೂ ಕೇಳುವಂತೆ ಸ್ಪಷ್ಟವಾಗಿ ಹೇಳಿದರು:

"ಈ ಮನೇಲಿ ಮನುಷ್ಯರು ಇರ್ತಾರಾ, ಹಂದಿ ಇರ್ತವಾ?"

ಕಾಫಿ ತಟ್ಟೆ ಹಿಡಿದ ಮಗಳು ನಿಂತಲ್ಲೇ ನಿಂತಳು. ಹುಡುಗ ಅಮ್ಮನನ್ನು ಎಂದೂ ಕಾಣದವನಂತೆ ನೋಡಿದ. ಕ್ಲಚ್ಚಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಉಜ್ಜಿದ ನೆಲ, ಒಗೆದ ಪರದೆ, ಎಲ್ಲವನ್ನೂ ಒಮ್ಮೆ ನೋಡಿದಳು, ಕಣ್ಣು ತುಂಬಿತು. ಓಹೋ, ಇದು ಹೀಗಿರುತ್ತದೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಮೊದಲ ಸಲ ಗೊತ್ತಾಯಿತು. ಸಿಗ್ನಲ್ಲಿನಲ್ಲಿ ಇಳಿದು ನಡೆದುಹೋದ ಗುಮಾಸ್ತನ ಬೆನ್ನು ಕಂಡಿತು. ಆಮೇಲೆ ನೋಡುತ್ತಾಳೆ, ಮೆಡಿಕಲ್ ಮೇಡಂ ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಹಣೆಯ ಮೇಲೆ ಬೆವರು ಬಿಟ್ಟು, ಪರೀಕ್ಷೆ ಕೊಟ್ಟವರ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದಾರೆ.

"ಮೇಡಂ," ಕ್ಲಚ್ಚಕ್ಕ ಮೆಲ್ಲಗೆ ಕೇಳಿದಳು, "ಇದನ್ನ ಮನೇಲಿ ಅಭ್ಯಾಸ ಮಾಡ್ಕೊಂಡು ಬಂದ್ರಾ?"

"ಅಂಗಡೀಲಿ. ನಿನ್ನೆಯಿಂದ."

"ಯಾರ ಮೇಲೆ?"

"ಕೆಮ್ಮಿನ ಔಷಧಿಗೆ ಬಂದ ಒಬ್ಬರ ಮೇಲೆ. ನಿಮ್ಮ ಕೆಮ್ಮು ಕತ್ತೆ ಕೂಗಿದ ಹಾಗಿದೆ ಅಂದೆ."

"ಅವರೇನಂದ್ರು?"

"ಎದುರು ಅಂಗಡೀಲಿ ಔಷಧಿ ತಗೊಂಡ್ರು."

ನಗು ಸ್ಫೋಟಿಸಿತು. ಕ್ಲಚ್ಚಕ್ಕನದಲ್ಲ. ಮಗಳದು. ಕಾಫಿ ತಟ್ಟೆಯನ್ನು ಹೇಗೋ ಮೇಜಿನ ಮೇಲೆ ಇಳಿಸಿ, ಹೊಟ್ಟೆ ಹಿಡಿದು, ಗೋಡೆಗೆ ಒರಗಿ, ಬೀದಿಗೆ ಕೇಳುವಂತೆ ಅವಳು ನಕ್ಕಳು. ಅದು ಬಂದರಿನ ಊರಿನ ನಗು. ಕ್ಲಚ್ಚಕ್ಕನ ಅತ್ತೆಯರ, ಚಿಕ್ಕಮ್ಮಂದಿರ, ಅಪ್ಪನ ನಗು. ಇಷ್ಟು ವರ್ಷ ಆ ಹುಡುಗಿ ಅದನ್ನು ಎಲ್ಲಿ ಅಡಗಿಸಿಟ್ಟಿದ್ದಳೋ. ತಾಯಿ ಬಾಯಿ ತೆರೆದುಕೊಂಡು ಮಗಳನ್ನೇ ನೋಡಿದಳು. ಮಗಳು ಬೆಚ್ಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಎಲ್ಲರೂ ಕೂತರು. ಮೆಡಿಕಲ್ ಮೇಡಂ ಕಾಫಿ ಕುಡಿದರು, ಕೊನೆಯ ಗುಟುಕಿನವರೆಗೆ. ಆಮೇಲೆ ಹುಡುಗಿಯ ಕಡೆ ನೋಡಿದರು.

"ಹುಡುಗಿ ಚೆನ್ನಾಗಿದಾಳೆ" ಅಂದರು. ಅಷ್ಟಕ್ಕೇ ನಿಲ್ಲಿಸಿದರು.

ಮನೆಯೆಲ್ಲ ಉಸಿರು ಬಿಗಿಹಿಡಿಯಿತು. ಗಂಡ ಕುರ್ಚಿಯ ತುದಿಗೆ ಬಂದ. ಮಗಳು ಕಣ್ಣು ಮುಚ್ಚಿದಳು. ಇಷ್ಟೇ ಆಗಿಬಿಟ್ಟರೆ ಎಂದು ಕ್ಲಚ್ಚಕ್ಕನ ಜೀವ ಬಾಯಿಗೆ ಬಂತು. ಮಗಳಲ್ಲಿ ಒಂದೇ ಒಂದು ಕೊರತೆ ಕಾಣಲಿ ಎಂದು ಯಾವ ತಾಯಿಯೂ ಅಷ್ಟು ಆಸೆಯಿಂದ ಕಾದಿರಲಾರಳು.

"ನಗು ಮಾತ್ರ ಜೋರು" ಅಂದರು ಮೆಡಿಕಲ್ ಮೇಡಂ.

ಮಗಳು ಅತ್ತೇಬಿಟ್ಟಳು. ಕ್ಲಚ್ಚಕ್ಕನಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

"ಅದು ನನ್ನ ಕಡೆಯಿಂದ ಬಂದಿದ್ದು, ಬೀಗಿತಿಯವರೇ" ಅಂದಳು. "ವಾಪಸ್ ತಗೊಳ್ಳಲ್ಲ."

"ಬೇಡ" ಅಂದರು ಅವರು, ಖಾಲಿ ಲೋಟವನ್ನು ತಟ್ಟೆಯಲ್ಲಿಡುತ್ತ. "ನಮ್ಮ ಮನೇಲಿ ಯಾರೂ ನಗಲ್ಲ. ಒಬ್ಬರಾದ್ರೂ ಇರಲಿ."